ನಕ್ಷತ್ರಗಳ ದೂರಕ್ಕೆ ಅಳತೆಗೋಲು ಕೊಟ್ಟ ವೈನು ಬಾಪು

ಆದೋನಿ: 1980ರ ಫೆಬ್ರವರಿ 16, ಶನಿವಾರ. ಈಗ ಐವತ್ತು ದಾಟಿದ ಗಡಿಭಾಗದವರಿಗೆ ಆ ಮಧ್ಯಾಹ್ನ ನೆನಪಿರಬಹುದು. ಸಂಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾದ ಬಳಿ ಕರಾವಳಿ ಹತ್ತಿ ಹುಬ್ಬಳ್ಳಿ, ರಾಯಚೂರು ದಾಟಿ ನಲ್ಗೊಂಡದ ಕಡೆಗೆ ಸಾಗಿತು. ದೇಶದ ಎಷ್ಟೋ ಊರುಗಳಲ್ಲಿ ರಸ್ತೆಗಳು ಬಿಕೋ ಎನ್ನುತ್ತಿದ್ದವು. ಬಸುರಿಯರನ್ನು ಒಳಗೆ ಕೂರಿಸಿ, ನೀರಿನ ಕೊಡಕ್ಕೆ ಗರಿಕೆ ಹಾಕಿ, ಬಾಗಿಲು ಮುಚ್ಚಿಕೊಂಡವರೇ ಹೆಚ್ಚು.

ಅದೇ ಹೊತ್ತಿನಲ್ಲಿ ಸಿಂಧನೂರು ತಾಲೂಕಿನ ಜವಳಗೇರಾದಲ್ಲಿ ಮತ್ತು ಹುಬ್ಬಳ್ಳಿ ಬಳಿಯ ಹೊಸೂರಿನಲ್ಲಿ ಕೆಲವರು ದುರ್ಬೀನು, ಕ್ಯಾಮೆರಾ ಹೂಡಿಕೊಂಡು ಬಯಲಲ್ಲೇ ಕಾದಿದ್ದರು. ಅವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು. ಆ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರು ಡಾ. ಎಂ.ಕೆ. ವೈನು ಬಾಪು. ಆಗ ಅವರು ಜಗತ್ತಿನ ಖಗೋಳ ವಿಜ್ಞಾನಿಗಳ ಒಕ್ಕೂಟವಾದ ಅಂತಾರಾಷ್ಟ್ರೀಯ ಖಗೋಳ ಸಂಘದ ಅಧ್ಯಕ್ಷರೂ ಆಗಿದ್ದರು.

ಗ್ರಹಣಕ್ಕೂ ಈ ಸೀಮೆಗೂ ಹಳೆಯ ನಂಟಿದೆ. 1868ರ ಆಗಸ್ಟ್ 18ರ ಗ್ರಹಣವನ್ನು ಕರ್ನೂಲಿಗೆ ಉತ್ತರದ ವನಪರ್ತಿಯಲ್ಲಿ ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ನೋಡಿ ದಾಖಲಿಸಿದ್ದರು. ಅದೇ ಗ್ರಹಣವನ್ನು ಫ್ರಾನ್ಸಿನ ಜಾನ್ಸೆನ್ ನೋಡಿದ್ದು ಗುಂಟೂರಿನಲ್ಲಿ. ಹೀಲಿಯಂ ಎಂಬ ಅನಿಲದ ಪತ್ತೆಯ ಕಥೆ ಶುರುವಾಗುವುದೇ ಅಲ್ಲಿಂದ. ಮದರಾಸಿನ ಆ ವೀಕ್ಷಣಾಲಯದ ಪರಂಪರೆ ಕೊಡೈಕೆನಾಲ್‌ಗೆ ಹೋಗಿ, ಅಲ್ಲಿಂದ ಬಾಪು ಅವರ ಕೈಗೆ ಬಂತು.

ಹೈದರಾಬಾದಿನ ಹುಡುಗ

ವೈನು ಬಾಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದರಾಸಿನಲ್ಲಿ. ಮೂಲತಃ ಮಲೆಯಾಳಿ ಮನೆತನ. ತಂದೆಗೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸ. ಹಾಗಾಗಿ ಹುಡುಗ ಬೆಳೆದದ್ದು ಹೈದರಾಬಾದಿನಲ್ಲಿ, ದುರ್ಬೀನಿನ ನೆರಳಿನಲ್ಲೇ. ನಿಜಾಮ್ ಕಾಲೇಜಿನಲ್ಲಿ ಓದಿದರು. ಬೆಳಕು ಹೆಚ್ಚುಕಡಿಮೆಯಾಗುವ ನಕ್ಷತ್ರಗಳ ಬಗ್ಗೆ ವಿದ್ಯಾರ್ಥಿಯಾಗಿದ್ದಾಗಲೇ ಪ್ರಬಂಧ ಪ್ರಕಟಿಸಿದರು.

1949ರಲ್ಲಿ ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಹಾರ್ವರ್ಡ್‌ಗೆ ಹೋದರು. ಹೋದ ಕೆಲವೇ ತಿಂಗಳಲ್ಲಿ, ರಾತ್ರಿ ಆಕಾಶದ ಫೋಟೋ ತೆಗೆಯುವಾಗ ಹೊಸದೊಂದು ಧೂಮಕೇತು ಅವರ ಕಣ್ಣಿಗೆ ಬಿತ್ತು. ಜೊತೆಗಿದ್ದ ಬಾರ್ಟ್ ಬಾಕ್ ಮತ್ತು ಗಾರ್ಡನ್ ನ್ಯೂಕರ್ಕ್ ಹೆಸರನ್ನೂ ಸೇರಿಸಿ ಅದಕ್ಕೆ ಬಾಪು-ಬಾಕ್-ನ್ಯೂಕರ್ಕ್ ಧೂಮಕೇತು ಎಂದು ಹೆಸರಾಯಿತು. 1952ರಲ್ಲಿ ಪಿಎಚ್‌ಡಿ ಮುಗಿಯಿತು. ಆಮೇಲೆ ಕಾರ್ನೆಗಿ ಫೆಲೋಶಿಪ್ ಸಿಕ್ಕಿ, ಆಗ ಜಗತ್ತಿನ ಅತಿ ದೊಡ್ಡ ದುರ್ಬೀನು ಇದ್ದ ಕ್ಯಾಲಿಫೋರ್ನಿಯಾದ ಪಾಲೊಮಾರ್‌ಗೆ ಹೋದರು.

ದೂರ ಅಳೆಯುವ ದಾರಿ

ಅಲ್ಲಿ ಅವರು ಓಲಿನ್ ವಿಲ್ಸನ್ ಜೊತೆ ಸೇರಿ ಮಾಡಿದ ಕೆಲಸ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಅದನ್ನು ಹೀಗೆ ತಿಳಿಯಬಹುದು. ಕತ್ತಲಲ್ಲಿ ದೂರದ ಹೊಲದಲ್ಲಿ ಒಂದು ಬಲ್ಬು ಉರಿಯುತ್ತಿದೆ ಎನ್ನೋಣ. ಅದು 40 ವ್ಯಾಟಿನದೋ 100 ವ್ಯಾಟಿನದೋ ಗೊತ್ತಾದರೆ, ಎಷ್ಟು ಮಂಕಾಗಿ ಕಾಣುತ್ತಿದೆ ಎಂಬುದರ ಮೇಲೆ ಎಷ್ಟು ದೂರವಿದೆ ಎಂದು ಲೆಕ್ಕ ಹಾಕಬಹುದು. ನಕ್ಷತ್ರದ ವಿಷಯದಲ್ಲಿ ಆ ವ್ಯಾಟು ತಿಳಿಯುವುದೇ ಕಷ್ಟ.

ಸೂರ್ಯನಂಥ ಮತ್ತು ಅದಕ್ಕಿಂತ ತಣ್ಣಗಿನ ನಕ್ಷತ್ರಗಳ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿದರೆ, ಕ್ಯಾಲ್ಸಿಯಂನಿಂದ ಬರುವ ಕಪ್ಪು ಪಟ್ಟಿಯ ನಡುವೆ ಸಣ್ಣದೊಂದು ಹೊಳೆವ ಗೆರೆ ಕಾಣುತ್ತದೆ. ಆ ಗೆರೆ ಅಗಲವಾದಷ್ಟೂ ನಕ್ಷತ್ರ ನಿಜಕ್ಕೂ ಹೆಚ್ಚು ಪ್ರಕಾಶಮಾನ ಎಂದು ಇಬ್ಬರೂ ಕಂಡುಕೊಂಡರು. 1957ರಲ್ಲಿ ಪ್ರಕಟವಾದ ಇದಕ್ಕೆ ವಿಲ್ಸನ್-ಬಾಪು ಪರಿಣಾಮ ಎಂದೇ ಹೆಸರು. ವಿಶ್ವದ ದೂರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಅಳೆಯಬೇಕು. ಹತ್ತಿರದ ನಕ್ಷತ್ರಗಳ ಅಳತೆ ತಪ್ಪಿದರೆ ದೂರದ ಗ್ಯಾಲಕ್ಸಿಗಳ ಅಳತೆಯೂ ತಪ್ಪುತ್ತದೆ.

ಅವರ ಇನ್ನೊಂದು ಆಸಕ್ತಿ ವುಲ್ಫ್-ರೇಯೆ ನಕ್ಷತ್ರಗಳು. ಇವು ಭಾರೀ ತೂಕದ, ವಿಪರೀತ ಬಿಸಿಯ ನಕ್ಷತ್ರಗಳು. ಮೈಮೇಲಿನ ಅನಿಲವನ್ನು ಬಿರುಗಾಳಿಯಂತೆ ಹೊರಗೆ ತೂರುತ್ತಿರುತ್ತವೆ. ಇಂಥವುಗಳಲ್ಲಿ ಹಲವು ಕೊನೆಗೆ ಸೂಪರ್‌ನೋವಾ ಆಗಿ ಸಿಡಿಯುತ್ತವೆ ಎಂಬುದು ಇಂದಿನ ತಿಳಿವಳಿಕೆ.

ಮರಳಿ ದೇಶಕ್ಕೆ

ಬಾಪು ಅಮೆರಿಕದಲ್ಲೇ ಉಳಿದಿದ್ದರೆ ದೊಡ್ಡ ದುರ್ಬೀನುಗಳಿಗೆ ಕೊರತೆ ಇರಲಿಲ್ಲ. ಆದರೆ 1953ರಲ್ಲಿ ಅವರು ಮರಳಿ ಬಂದರು. ಆಗ ದೇಶದಲ್ಲಿ ಹೇಳಿಕೊಳ್ಳುವಂಥ ಉಪಕರಣಗಳೇ ಇರಲಿಲ್ಲ. ಉತ್ತರ ಪ್ರದೇಶದ ವೀಕ್ಷಣಾಲಯದ ಹೊಣೆ ಹೊತ್ತು, ಅದನ್ನು ವಾರಾಣಸಿಯಿಂದ ನೈನಿತಾಲ್ ಬೆಟ್ಟಕ್ಕೆ ಸಾಗಿಸಿದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು.

ಕೊಡೈಕೆನಾಲ್ ಸೂರ್ಯನ ಅಧ್ಯಯನಕ್ಕೆ ಹೆಸರಾದ ಜಾಗ. ಆದರೆ ರಾತ್ರಿಯ ನಕ್ಷತ್ರ ವೀಕ್ಷಣೆಗೆ ಮೋಡದ ಕಾಟ. ಹೀಗಾಗಿ ಬೇರೆ ಜಾಗ ಹುಡುಕಿ, ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರನ್ನು ಆರಿಸಿದರು. ಸುತ್ತ ಕಾಡು, ಪೇಟೆಯ ದೀಪಗಳಿಂದ ದೂರ. ಭೂಮಧ್ಯರೇಖೆಗೆ ಹತ್ತಿರವಿರುವುದರಿಂದ ದಕ್ಷಿಣದ ಆಕಾಶವೂ ಚೆನ್ನಾಗಿ ಕಾಣುತ್ತದೆ. 1968ರಲ್ಲಿ ನಮ್ಮವರೇ ತಯಾರಿಸಿದ 38 ಸೆಂಟಿಮೀಟರಿನ ದುರ್ಬೀನಿನಿಂದ ಅಲ್ಲಿ ಕೆಲಸ ಶುರುವಾಯಿತು.

1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಸ್ವಾಯತ್ತ ಸಂಸ್ಥೆಯಾಯಿತು. ನಂತರ ಅದರ ಕೇಂದ್ರ ಬೆಂಗಳೂರಿಗೆ ಬಂತು. 1972ರಲ್ಲಿ ಕಾವಲೂರಿಗೆ ಒಂದು ಮೀಟರಿನ ದುರ್ಬೀನು ಸೇರಿತು. ಅದೇ ವರ್ಷ ಗುರುಗ್ರಹದ ಉಪಗ್ರಹ ಗ್ಯಾನಿಮೀಡ್ ನಕ್ಷತ್ರವೊಂದನ್ನು ಮರೆ ಮಾಡಿದ್ದನ್ನು ಅಲ್ಲಿಂದ ಅಳೆಯಲಾಯಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹಕ್ಕೂ ಬಳೆಗಳಿವೆ ಎಂಬ ಸುಳಿವು ಸಿಕ್ಕ ಜಗತ್ತಿನ ಕೆಲವೇ ತಾಣಗಳಲ್ಲಿ ಕಾವಲೂರೂ ಒಂದು.

ಕೈಗೂಡದೆ ಉಳಿದ ಆಸೆ

ಇಷ್ಟಕ್ಕೇ ಬಾಪು ತೃಪ್ತರಾಗಲಿಲ್ಲ. ದೊಡ್ಡ ದುರ್ಬೀನನ್ನು ಹೊರಗಿನಿಂದ ಕೊಂಡು ತರುವುದಕ್ಕಿಂತ ಇಲ್ಲೇ ಕಟ್ಟಬೇಕು, ಆಗಲೇ ನಮ್ಮ ಹುಡುಗರಿಗೆ ವಿದ್ಯೆ ಬರುತ್ತದೆ ಎಂಬುದು ಅವರ ಹಟ. 2.34 ಮೀಟರ್ ಅಗಲದ ಕನ್ನಡಿಯನ್ನು ಬೆಂಗಳೂರಿನ ಸಂಸ್ಥೆಯಲ್ಲೇ ಉಜ್ಜಿ ಹದ ಮಾಡುವ ಕೆಲಸ ಆರಂಭವಾಯಿತು. ಕೂದಲೆಳೆಯಷ್ಟೂ ತಪ್ಪಬಾರದ ಕೆಲಸ ಅದು, ವರ್ಷಗಟ್ಟಲೆ ಹಿಡಿಯಿತು.

ಅದು ಮುಗಿಯುವ ಮುನ್ನವೇ, 1982ರ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ಬಾಪು ತೀರಿಕೊಂಡರು. ಹೃದಯದ ಶಸ್ತ್ರಚಿಕಿತ್ಸೆ ನಡೆದಿತ್ತು. ವಯಸ್ಸು 55 ಅಷ್ಟೇ. ಹಿಂದಿನ ವರ್ಷವಷ್ಟೇ ಪದ್ಮಭೂಷಣ ಸಿಕ್ಕಿತ್ತು.

ಅವರ ಜೊತೆಗಾರರು ಕೆಲಸ ನಿಲ್ಲಿಸಲಿಲ್ಲ. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಕಾವಲೂರಿಗೆ ಬಂದು ವೀಕ್ಷಣಾಲಯಕ್ಕೂ ದುರ್ಬೀನಿಗೂ ವೈನು ಬಾಪು ಹೆಸರಿಟ್ಟರು. ಮರುವರ್ಷ ಫೆಬ್ರವರಿಯಲ್ಲಿ ದಕ್ಷಿಣ ಆಕಾಶದಲ್ಲಿ ನಕ್ಷತ್ರವೊಂದು ಸಿಡಿಯಿತು. ಸುಮಾರು 1,60,000 ಜ್ಯೋತಿರ್ವರ್ಷ ದೂರದ ಆ ಸೂಪರ್‌ನೋವಾವನ್ನು ಕಾವಲೂರಿನಿಂದಲೂ ಅಧ್ಯಯನ ಮಾಡಲು ಸಾಧ್ಯವಾಯಿತು. ದಕ್ಷಿಣದ ಆಕಾಶ ಕಾಣಬೇಕೆಂದು ಅವರು ಆರಿಸಿದ ಬೆಟ್ಟ ಅಂದು ಕೆಲಸಕ್ಕೆ ಬಂತು.

ಅವರ ಸಂಸ್ಥೆ ಆಮೇಲೆ ಲಡಾಖಿನ ಹಾನ್ಲೆಗೂ ಹೋಯಿತು. ಅಲ್ಲಿನ ದುರ್ಬೀನನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದಲೇ ನಡೆಸುತ್ತಾರೆ, ಸೂಪರ್‌ನೋವಾಗಳನ್ನು ನೋಡುತ್ತಾರೆ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದುರ್ಬೀನು ಸಿದ್ಧವಾದದ್ದೂ ಈ ಸಂಸ್ಥೆಯ ಮುಂದಾಳತ್ವದಲ್ಲೇ. ಪುಣೆಯ ವಿಜ್ಞಾನಿಗಳ ನೇತೃತ್ವದ ತಂಡ ಅದರಿಂದ 930 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯ ನೇರಳಾತೀತ ಬೆಳಕನ್ನು ಹಿಡಿದ ಸುದ್ದಿ 2020ರಲ್ಲಿ ಬಂತು. ಅಂದರೆ ಆ ಬೆಳಕು ಹೊರಟಾಗ ನಮ್ಮ ಭೂಮಿಯೇ ಇರಲಿಲ್ಲ!

2596ನೇ ಕ್ಷುದ್ರಗ್ರಹಕ್ಕೆ ಬಾಪು ಹೆಸರಿದೆ. ಕೋಸಿಗಿ, ಹಾಲಹರವಿ, ಹೊಳಗುಂದದ ಶಾಲೆಗಳಲ್ಲಿ ಕನ್ನಡದಲ್ಲೋ ತೆಲುಗಿನಲ್ಲೋ ವಿಜ್ಞಾನ ಓದುವ ಮಕ್ಕಳಿಗೆ ಮುಂದಿನ ಗ್ರಹಣದ ದಿನ ಬಾಗಿಲು ಮುಚ್ಚುವ ಬದಲು, ಸರಿಯಾದ ಗ್ರಹಣ ಕನ್ನಡಕ ಹಾಕಿಸಿ ಅಂಗಳಕ್ಕೆ ಕರೆತಂದರೆ ಅವರನ್ನು ನೆನೆದಂತೆಯೇ ಸರಿ.