ಗ್ಯಾಲನ್ ಮತ್ತು ಅರೆತಲೆನೋವು

ಗ್ರೀಕ್ ವೈದ್ಯ ಗ್ಯಾಲನ್ ಕ್ರಿ.ಶ. 129ರಲ್ಲಿ, ಇಂದಿನ ತುರ್ಕಿಗೆ ಸೇರಿದ ಪೆರ್ಗಮಮ್ ನಗರದಲ್ಲಿ ಜನಿಸಿದನು. ತಂದೆ ನಿಕಾನ್ ವಾಸ್ತುಶಿಲ್ಪಿ. ಸ್ಮಿರ್ನಾ, ಅಲೆಕ್ಸಾಂಡ್ರಿಯಗಳಲ್ಲಿ ವೈದ್ಯವನ್ನು ಕಲಿತು, 157ರಲ್ಲಿ ತನ್ನೂರಿನ ಕತ್ತಿಕಾಳಗದ ಮಲ್ಲರಿಗೆ ಚಿಕಿತ್ಸಕನಾದನು. ಮುಂದೆ ರೋಮಿನಲ್ಲಿ ಚಕ್ರವರ್ತಿ ಮಾರ್ಕಸ್ ಆರೇಲಿಯಸನ ವೈದ್ಯನಾಗಿ ಕೀರ್ತಿ ಗಳಿಸಿದನು. ತಲೆಯ ಒಂದೇ ಪಕ್ಕ ಸಿಡಿಯುವ ನೋವಿಗೆ ಆತ ಬಳಸಿದ ಹೆಮಿಕ್ರೇನಿಯ, ಅಂದರೆ ಅರೆತಲೆ ಎಂಬ ಪದವೇ ಸವೆದು ಮೈಗ್ರೇನ್ ಆಯಿತು. ಹೊಟ್ಟೆಯಿಂದ ಏರುವ ಆವಿಯೇ ಇದಕ್ಕೆ ಕಾರಣವೆಂಬ ಆತನ ಊಹೆ ಬಿದ್ದುಹೋಯಿತು; ಹೆಸರು ಉಳಿಯಿತು.

ಈ ಹೆಸರು ದೊಡ್ಡವರಿಗೆ ಬಹುಮಟ್ಟಿಗೆ ಒಪ್ಪುತ್ತದೆ. ಮಕ್ಕಳಲ್ಲಾದರೋ ನೋವು ಹೆಚ್ಚಾಗಿ ತಲೆಯ ಎರಡೂ ಕಡೆ ಇರುತ್ತದೆ. ಒಂದೆರಡು ಗಂಟೆಗಳಲ್ಲೇ ಇಳಿಯಲೂಬಹುದು. ಹೊಟ್ಟೆನೋವು, ವಾಂತಿಗಳೇ ಎದ್ದು ಕಾಣುವುದುಂಟು. ಆದುದರಿಂದಲೇ ಅದನ್ನು ಶಾಲೆ ತಪ್ಪಿಸುವ ನೆಪವೆಂದು ತಳ್ಳಿಬಿಡುವ ಅಪಾಯವಿದೆ. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಯಳವಿಯ ಕನ್ನಡದ ಮಗುವಿರಲಿ, ನಮ್ಮ ಗಡಿನಾಡಿನ ಮಗುವಿರಲಿ, ಹಸಿದು ಬಿಸಿಲಲ್ಲಿ ನಡೆದು ಬಂದು ತಲೆ ಹಿಡಿದು ಕುಳಿತರೆ ಮೊದಲು ಬೇಕಾದುದು ಕತ್ತಲ ಕೋಣೆ, ನೀರು, ನಿದ್ದೆ. ಪ್ಯಾರಾಸಿಟಮಾಲ್ ಕೊಡುವುದಾದರೆ ಮಗುವಿನ ತೂಕಕ್ಕೆ ತಕ್ಕಂತೆ, ವೈದ್ಯರು ಹೇಳಿದಷ್ಟೇ ಕೊಡಬೇಕು. ದೊಡ್ಡವರು ನುಂಗುವ ಆಸ್ಪಿರಿನ್ ಮಕ್ಕಳಿಗೆ ಸಲ್ಲದು.

ಗ್ಯಾಲನ್ ಸುಮಾರು 216ರಲ್ಲಿ ತೀರಿಕೊಂಡನು. ರೋಗಿಯನ್ನು ಕಣ್ಣಾರೆ ನೋಡಿ ತಿಳಿಯುವ ಆತನ ಹಾದಿಯನ್ನು ನಾವು ಹಿಡಿದರೆ, ಆತನ ಪದಕ್ಕೆ ಹೊಂದದ ಮಗುವಿನ ನೋವೂ ನಮಗೆ ಕಂಡೀತು.