ಡಾಕ್ಟರ್ ಸಾಲೊಮನ್ ಬೆರ್ಸನ್

ಕಾಶೀಯಾತ್ರೆ ಮಾಡಿಬಂದ ಹಿರಿಯರು ನಿಮ್ಮ ಮನೆಗಳಲ್ಲಿ ಇರಬಹುದು. ಅಲ್ಲಿಯ ಗಂಗೆಗೆ ಒಂದು ಚಿಟಿಕೆ ಸಕ್ಕರೆಯನ್ನು ಹಾಕಿ, ಅದು ಎಷ್ಟಿದೆಯೆಂದು ಅಳೆದು ಹೇಳಿರೆಂದರೆ ಯಾರು ತಾನೇ ಹೇಳಬಲ್ಲರು? ನಮ್ಮ ರಕ್ತದಲ್ಲಿರುವ ಇನ್ಸುಲಿನ್ ಎಂಬ ರಸವೂ ಹಾಗೆಯೇ ಅತ್ಯಲ್ಪ. ಅದನ್ನು ಅಳೆಯುವ ಉಪಾಯವನ್ನು ಕಂಡುಹಿಡಿದ ಇಬ್ಬರಲ್ಲಿ ಒಬ್ಬರು ಸಾಲೊಮನ್ ಬೆರ್ಸನ್.

ಬೆರ್ಸನ್ನರು ೧೯೧೮ನೆಯ ಏಪ್ರಿಲ್ ೨೨ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಪಿಟೀಲುವಾದನದಲ್ಲಿಯೂ ಚದುರಂಗದಲ್ಲಿಯೂ ನಿಪುಣರು. ವೈದ್ಯರಾಗಬೇಕೆಂದು ಬಯಸಿದ ಅವರನ್ನು ೨೧ ಕಾಲೇಜುಗಳು ತಿರಸ್ಕರಿಸಿದುವು. ಮೆಟ್ರಿಕ್ಯುಲೇಷನ್ನಿಗೇ ಓದು ನಿಂತ ನನ್ನಂಥವರಿಗೆ ಆ ನೋವು ಎಂಥದೆಂದು ಬೇರೆ ಹೇಳಬೇಕಾಗಿಲ್ಲ. ಅಂತೂ ೧೯೪೫ರಲ್ಲಿ ಅವರಿಗೆ ವೈದ್ಯಪದವಿ ದೊರೆಯಿತು.

೧೯೫೦ರಲ್ಲಿ ಅವರು ಬ್ರಾಂಕ್ಸಿನಲ್ಲಿದ್ದ ಮಾಜಿ ಸೈನಿಕರ ಆಸ್ಪತ್ರೆಯನ್ನು ಸೇರಿ, ಭೌತವಿಜ್ಞಾನಿ ರೊಸಾಲಿನ್ ಯಾಲೋ ಎಂಬ ಮಹಿಳೆಯೊಡನೆ ಸಂಶೋಧನೆಗೆ ತೊಡಗಿದರು. ವಿಕಿರಣ ಸೂಸುವ ಅಯೋಡಿನ್ನಿನಿಂದ ಗುರುತು ಮಾಡಿದ ಇನ್ಸುಲಿನ್ನನ್ನು ಚುಚ್ಚಿ ನೋಡಲಾಗಿ, ಹಿಂದೆ ಇನ್ಸುಲಿನ್ ಚಿಕಿತ್ಸೆ ಪಡೆದಿದ್ದವರ ರಕ್ತದಲ್ಲಿ ಅದು ಬಹಳ ಹೊತ್ತು ಉಳಿಯಿತು. ಅಂದಿನ ಔಷಧವು ದನ, ಹಂದಿಗಳ ಇನ್ಸುಲಿನ್. ಹೊರಗಿನಿಂದ ಬಂದ ಪದಾರ್ಥವನ್ನು ಹಿಡಿಯಲು ದೇಹವು ನಿರ್ಮಿಸಿಕೊಳ್ಳುವ ಪ್ರತಿಕಾಯಗಳೇ ಅದನ್ನು ಹಿಡಿದಿಟ್ಟಿವೆಯೆಂದು ಇಬ್ಬರೂ ನಿರ್ಣಯಿಸಿದರು. ಇಷ್ಟು ಸಣ್ಣ ಅಣುವಿಗೆ ಪ್ರತಿಕಾಯ ಹುಟ್ಟಲಾರದೆಂಬುದು ಅಂದಿನ ಪಂಡಿತರ ಮತ. ಒಂದು ಪತ್ರಿಕೆ ಲೇಖನವನ್ನು ಹಿಂದಿರುಗಿಸಿತು. ಇನ್ನೊಂದು, ಶೀರ್ಷಿಕೆಯಿಂದ ಪ್ರತಿಕಾಯವೆಂಬ ಶಬ್ದವನ್ನು ತೆಗೆಯಿಸಿದ ಮೇಲಷ್ಟೇ ೧೯೫೬ರಲ್ಲಿ ಪ್ರಕಟಿಸಿತು.

ಅಳತೆಯ ಉಪಾಯ ಹುಟ್ಟಿದ್ದು ಈ ಪ್ರತಿಕಾಯಗಳಿಂದಲೇ. ಮತ್ತೆ ಕಾಶಿಗೆ ಹೋಗೋಣ. ದಶಾಶ್ವಮೇಧ ಘಾಟಿನಲ್ಲಿ ಎಣಿಸಲಾಗದಷ್ಟು ಯಾತ್ರಿಕರು. ದೋಣಿಗಳಲ್ಲಿ ಒಟ್ಟು ೧೦೦ ಜನಕ್ಕೆ ಮಾತ್ರ ಸ್ಥಳ. ಕೆಂಪು ರುಮಾಲಿನ ೧೦೦ ಮಂದಿಯನ್ನು ನಾವೇ ಆ ಗುಂಪಿನೊಳಗೆ ಬಿಡೋಣ. ಎಲ್ಲರೂ ಭೇದವಿಲ್ಲದೆ ನುಗ್ಗಿ ಹತ್ತುತ್ತಾರೆ. ಆಚೆಯ ದಡದಲ್ಲಿ ಕೆಂಪು ರುಮಾಲಿನವರು ೫೦ ಮಂದಿ ಇಳಿದರೆ, ಘಾಟಿನಲ್ಲಿದ್ದ ಯಾತ್ರಿಕರೂ ಸುಮಾರು ೧೦೦. ೧೦ ಮಂದಿ ಮಾತ್ರ ಇಳಿದರೆ ಯಾತ್ರಿಕರು ೯೦೦. ಲೆಕ್ಕವನ್ನು ನೀವೇ ಮಾಡಿ ನೋಡಿರಿ. ದೋಣಿಗಳೇ ಪ್ರತಿಕಾಯಗಳು, ಯಾತ್ರಿಕರು ರೋಗಿಯ ಇನ್ಸುಲಿನ್, ರುಮಾಲು ವಿಕಿರಣದ ಗುರುತು. ಈ ಕ್ರಮದ ಪೂರ್ಣ ವಿವರವು ೧೯೬೦ರಲ್ಲಿ ಪ್ರಕಟವಾಯಿತು. ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಅಂಶದ ಲೆಕ್ಕದಲ್ಲಿ ಹಾರ್ಮೋನುಗಳನ್ನು ಅಳೆಯುವುದು ಇದರಿಂದ ಸಾಧ್ಯವಾಯಿತು. ಈಗ ವಿಕಿರಣಕ್ಕೆ ಬದಲಾಗಿ ಬಣ್ಣ ತರುವ ಕಿಣ್ವಗಳನ್ನೂ ಗುರುತಿಗೆ ಬಳಸುತ್ತಾರೆ.

ಇಬ್ಬರೂ ಈ ವಿಧಾನಕ್ಕೆ ಪೇಟೆಂಟ್ ಪಡೆಯಲಿಲ್ಲ. ಎಲ್ಲ ಆಸ್ಪತ್ರೆಗಳಿಗೂ ಅದು ಸುಲಭವಾಗಿ ದೊರೆಯಿತು.

೧೯೭೨ನೆಯ ಏಪ್ರಿಲ್ ೧೧ರಂದು, ತಮ್ಮ ೫೩ನೆಯ ವಯಸ್ಸಿನಲ್ಲಿ ಬೆರ್ಸನ್ನರು ತೀರಿಕೊಂಡರು. ೧೯೭೭ರ ನೊಬೆಲ್ ಪಾರಿತೋಷಕದಲ್ಲಿ ಅರ್ಧ ಪಾಲು ಯಾಲೋ ಅವರಿಗೆ ಬಂದಿತು. ಅಗಲಿದವರಿಗೆ ಆ ಪಾರಿತೋಷಕವಿಲ್ಲ. ಆದರೆ ಯಾಲೋ ಅವರು ಅಷ್ಟರಲ್ಲಿಯೇ ತಮ್ಮ ಪ್ರಯೋಗಶಾಲೆಗೆ ಬೆರ್ಸನ್ನರ ಹೆಸರನ್ನು ಇಡಿಸಿದ್ದರು. ಅಲ್ಲಿಂದ ಹೊರಟ ಲೇಖನಗಳ ಮೇಲೆಲ್ಲ ಇಬ್ಬರ ಹೆಸರೂ ಒಟ್ಟಿಗೆ ಅಚ್ಚಾಗುತ್ತಲೇ ಇತ್ತು.