ಕನ್ನಡಕ್ಕೆ ವಿಜ್ಞಾನ ತಂದ ಬೆಳ್ಳಾವೆ ವೆಂಕಟನಾರಣಪ್ಪ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ, ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಓದಿದ ನಾವೆಲ್ಲರೂ ನೆನೆಯಲೇಬೇಕಾದ ಹಿರಿಯರೊಬ್ಬರಿದ್ದಾರೆ. ಅವರು ಬೆಳ್ಳಾವೆ ವೆಂಕಟನಾರಣಪ್ಪನವರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ನಮಗೆ ಅವರು ಹೊರಗಿನವರಲ್ಲ. ತುಮಕೂರು ತಾಲ್ಲೂಕಿನ ಬೆಳ್ಳಾವೆಯ ಹೆಸರು ಹೊತ್ತ, ನಮ್ಮ ಜಿಲ್ಲೆಯವರೇ.

1872ರಲ್ಲಿ ಜನಿಸಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದರು. ಆಗ ಕಾಲೇಜಿನ ವಿಜ್ಞಾನವೆಂದರೆ ಇಂಗ್ಲಿಷೇ. ಆದರೂ 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 'ವಿಜ್ಞಾನ' ಎಂಬ ಮಾಸಪತ್ರಿಕೆ ಆರಂಭಿಸಿದರು. ವಿಜ್ಞಾನಕ್ಕಾಗಿಯೇ ಹೊರಟ ಕನ್ನಡದ ಮೊದಲ ಪತ್ರಿಕೆ ಅದು. ಸುಮಾರು ಎರಡು ವರ್ಷ ನಡೆದು ನಿಂತುಹೋಯಿತು. ಆದರೆ ಕನ್ನಡದಲ್ಲಿ ವಿಜ್ಞಾನ ಬರೆಯಬಹುದೇ ಎಂಬ ಪ್ರಶ್ನೆಗೆ ಅಷ್ಟರಲ್ಲೇ ಉತ್ತರ ಸಿಕ್ಕಿತ್ತು.

ಹಾಗೆ ಬರೆಯುವವರಿಗೆ ಮೊದಲು ಎದುರಾಗುವುದು ಹೆಸರಿನ ಪ್ರಶ್ನೆ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ರೈತರಿಗೆ ಮೈಲುತುತ್ತ ಗೊತ್ತು, ಸುಣ್ಣ ಗೊತ್ತು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ತುತ್ತ, ಒಂದು ಕೆ.ಜಿ. ಸುಣ್ಣ ಎಂಬ ಲೆಕ್ಕವೂ ಗೊತ್ತು. ಪುಸ್ತಕದಲ್ಲಿ ಇವೇ ಕಾಪರ್ ಸಲ್ಫೇಟ್, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಮನೆಯ ಹೆಸರು ವಸ್ತುವನ್ನು ಗುರುತಿಸುತ್ತದೆ. ಪುಸ್ತಕದ ಹೆಸರು ಅದರೊಳಗೆ ಏನಿದೆ ಎಂದು ಹೇಳುತ್ತದೆ. ಧನ ಅಯಾನಿನ ಹೆಸರು ಮೊದಲು, ಋಣ ಅಯಾನಿನದು ನಂತರ.

ಅಣುಸೂತ್ರ ಬರೆಯುವುದೂ ಸಾಲ ತೀರಿಸುವ ಲೆಕ್ಕದಂತೆಯೇ: ಧನವೂ ಋಣವೂ ಸರಿಹೋಗಿ ಸೊನ್ನೆ ಉಳಿಯಬೇಕು. ತಾಮ್ರಕ್ಕೆ ಎರಡು ಧನ, ಸಲ್ಫೇಟಿಗೆ ಎರಡು ಋಣ. ಒಂದಕ್ಕೆ ಒಂದು ಸಾಕು. ಕ್ಯಾಲ್ಸಿಯಂಗೆ ಎರಡು ಧನ, ಹೈಡ್ರಾಕ್ಸೈಡಿಗೆ ಒಂದೇ ಋಣ. ಆದ್ದರಿಂದ ಒಂದು ಕ್ಯಾಲ್ಸಿಯಂಗೆ ಎರಡು ಹೈಡ್ರಾಕ್ಸೈಡ್ ಬೇಕು. ಅದಕ್ಕೇ ಹೈಡ್ರಾಕ್ಸೈಡನ್ನು ಆವರಣದೊಳಗಿಟ್ಟು ಕೆಳಗೆ 2 ಬರೆಯುತ್ತೇವೆ. ತೆಂಗಿಗೆ ಹಾಕುವ ಪೊಟ್ಯಾಷ್ ಗೊಬ್ಬರವಾದ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಎರಡೂ ಕಡೆ ಒಂದೊಂದೇ. ಇಷ್ಟನ್ನೂ ಕನ್ನಡದಲ್ಲಿ ಹೇಳಿದರೆ ರಸಾಯನಶಾಸ್ತ್ರಕ್ಕೆ ಏನೂ ಕೊರತೆಯಾಗುವುದಿಲ್ಲ.

ವೆಂಕಟನಾರಣಪ್ಪನವರು ವಿಜ್ಞಾನಕ್ಕಷ್ಟೇ ನಿಲ್ಲಲಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ದುಡಿದರು. ಪರಿಷತ್ತು 1931ರಲ್ಲಿ ಹೊರತಂದ ಪಂಪಭಾರತವನ್ನು ಸಂಪಾದಿಸಿದರು. 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಭೌತಶಾಸ್ತ್ರದ ಮೇಷ್ಟ್ರಿಗೆ ಹಳಗನ್ನಡದ ಕಾವ್ಯವೂ ಅಷ್ಟೇ ಹತ್ತಿರವಾಗಿತ್ತು. 1943ರಲ್ಲಿ ಅವರು ತೀರಿಕೊಂಡರು.

ಇಂದು ಊರಿನ ಎಷ್ಟೋ ತಂದೆತಾಯಂದಿರಿಗೆ ಒಂದೇ ಚಿಂತೆ: ಕನ್ನಡದಲ್ಲಿ ಓದಿದ ಮಗು ಮುಂದೆ ವಿಜ್ಞಾನದಲ್ಲಿ ಹಿಂದೆ ಬಿದ್ದರೆ? ನಾನು ಇದೇ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಬಿ.ಇ. ಮುಗಿಸಿ, ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕಾಲೇಜಿಗೆ ಹೋದ ಮೇಲೆ ಇಂಗ್ಲಿಷ್ ಪದಗಳನ್ನು ಕಲಿಯಬೇಕಾಯಿತು, ನಿಜ. ಆದರೆ ಸುಣ್ಣದ ಸೂತ್ರದಲ್ಲಿ ಆ 2 ಏಕೆ ಬಂತು ಎಂಬುದನ್ನು ಮತ್ತೆ ಕಲಿಯಬೇಕಾಗಲಿಲ್ಲ. ಅದು ಇಲ್ಲೇ, ನಮ್ಮ ಮೇಷ್ಟ್ರುಗಳ ಬಾಯಲ್ಲಿ, ಕನ್ನಡದಲ್ಲೇ ಅರ್ಥವಾಗಿತ್ತು. ಆ ದಾರಿಯನ್ನು ನೂರು ವರ್ಷಗಳ ಹಿಂದೆಯೇ ತೆರೆದವರಲ್ಲಿ ನಮ್ಮ ಬೆಳ್ಳಾವೆಯವರು ಮೊದಲಿಗರು. ಶಾಲೆಯ ಗ್ರಂಥಾಲಯದಲ್ಲಿ ಕನ್ನಡದ ವಿಜ್ಞಾನ ಪುಸ್ತಕಗಳಿಗೆ ಒಂದು ಕಪಾಟನ್ನು ಹಳೆಯ ವಿದ್ಯಾರ್ಥಿಗಳಾದ ನಾವು ತುಂಬಿಸಿಕೊಟ್ಟರೆ, ಅದೇ ಅವರಿಗೆ ಸಲ್ಲಿಸುವ ಗೌರವ.